ತಪ್ಪಿಲ್ಲದೆಡೆಯಲ್ಲಿ ಋಣವುಂಟೆ?

ಹಾನಿಯೊಂದು ಒದಗಿದಾಗ ಮನುಷ್ಯನ ಬಾಯಿಂದ ಮೊದಲು ಹೊರಡುವ ಮಾತು “ಇದು ಯಾರ ತಪ್ಪು?” ಎಂಬುದು. ಮಗುವು ಎಡವಿ ಬಿದ್ದು ಅತ್ತರೆ ತಾಯಿಯು ನೆಲಕ್ಕೆ ಎರಡೇಟು ಹೊಡೆದು ಅದನ್ನು ಸಂತೈಸುವಳು. ನೆಲದಲ್ಲಿ ಅಪರಾಧವೇನೂ ಇಲ್ಲವೆಂದು ಆಕೆ ಬಲ್ಲಳು. ಆದರೆ ನೋವಿಗೆ ಕರ್ತೃವೊಬ್ಬನು ಕಾಣದಿದ್ದರೆ ನೊಂದ ಮನಸ್ಸಿಗೆ ಶಾಂತಿಯಿಲ್ಲವೆಂಬುದನ್ನೂ ಬಲ್ಲಳು. ನ್ಯಾಯಸ್ಥಾನಗಳೂ ಬಹುಕಾಲ ಈ ತಾಯಿಯ ದಾರಿಯನ್ನೇ ಹಿಡಿದಿದ್ದುವು. ತಪ್ಪು ಮಾಡಿದವನು ತೆರತಕ್ಕದ್ದು, ತಪ್ಪಿಲ್ಲದವನನ್ನು ಪೀಡಿಸತಕ್ಕದ್ದಲ್ಲ ಎಂಬ ಸೂತ್ರವು ಕೇಳುವುದಕ್ಕೆ ಸರಳವಾದದ್ದು, ನೀತಿಗೂ ಸಮ್ಮತವಾದದ್ದು. ಇದನ್ನು ಮೀರಿದರೆ “ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ” ಎಂಬ ಗಾದೆಯಂತಾಗುವುದೆಂದು ಯಾರಾದರೂ ಹೇಳಿದರೆ ಆ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಯಂತ್ರಯುಗವು ಈ ಸೂತ್ರವನ್ನು ಕಠಿನ ಪರೀಕ್ಷೆಗೆ ಒಡ್ಡಿತು. ಗಿರಣಿಯೊಂದರಲ್ಲಿ ಸಾವಿರ ಕೈಗಳು ದಿನಕ್ಕೆ ಹತ್ತು ಗಂಟೆಗಳ ಕಾಲ ಹಲ್ಲುಚಕ್ರಗಳ ಸಮೀಪದಲ್ಲಿ ಓಡಾಡುತ್ತಿರುತ್ತವೆ. ಅವುಗಳಲ್ಲಿ ಯಾವುದೋ ಒಂದು ಕೈ, ಯಾವುದೋ ಒಂದು ಕ್ಷಣದಲ್ಲಿ, ಆಯಾಸದಿಂದಲೋ ಮರೆವಿನಿಂದಲೋ ಒಂದು ಅಂಗುಲ ಮುಂದಕ್ಕೆ ಸರಿಯುತ್ತದೆ. ಯಾವ ಕೈ ಎಂಬುದನ್ನು ಯಾರೂ ಮುಂದಾಗಿ ಹೇಳಲಾರರು. ಒಂದು ಕೈ ಹೋಗುವುದೆಂಬುದನ್ನಾದರೋ ಎಲ್ಲರೂ ಬಲ್ಲರು. ಇಲ್ಲಿ ತಪ್ಪನ್ನು ಹುಡುಕಹೊರಟವನಿಗೆ ಸಿಕ್ಕುವುದೇನು? ಯಜಮಾನನು ಯಂತ್ರವನ್ನು ನಿಯಮದಂತೆಯೇ ನಿಲ್ಲಿಸಿದ್ದನು; ಮೇಸ್ತ್ರಿಯು ಎಚ್ಚರಿಕೆ ಹೇಳಿದ್ದನು; ಕೆಲಸಗಾರನು ಮನುಷ್ಯಸಹಜವಾಗಿ ಒಂದು ಗಳಿಗೆ ಮೈಮರೆತನು. ತಪ್ಪು ಯಾರದೂ ಅಲ್ಲ, ಅಥವಾ ಎಲ್ಲರದೂ ಸ್ವಲ್ಪ ಸ್ವಲ್ಪ. ಕೈಯಾದರೋ ಸ್ವಲ್ಪ ಸ್ವಲ್ಪ ಹೋಗಲಿಲ್ಲ. ಇಡಿಯಾಗಿ ಹೋಯಿತು, ಒಬ್ಬನದೇ ಹೋಯಿತು. ಹೀಗಿರುವಲ್ಲಿ ತಪ್ಪಿಲ್ಲದೆಡೆಯಲ್ಲಿ ಋಣವುಂಟೆ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯು ರೈಲುಗಾಡಿಯ ಜತೆಯಲ್ಲಿ ಹುಟ್ಟಿದುದಲ್ಲ. ಎತ್ತಿನ ಗಾಡಿಯ ಕಾಲದಲ್ಲಿಯೇ ಇದರ ಬೀಜವಿತ್ತು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಾಹನದಿಂದಾಗುವ ಹಾನಿಯ ವಿಚಾರ ಬಂದಿದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, “ದಾರಿ ಬಿಡಿ” ಎಂದು ಸಾರಥಿಯು ಕೂಗಿಕೊಂಡಿದ್ದರೆ ದಂಡವಿಲ್ಲ. ಸಾರಥಿಯು ಕುಶಲನಾಗಿದ್ದೂ ಹಾನಿಮಾಡಿದರೆ ದಂಡವು ಸಾರಥಿಗೆ. ಅಕುಶಲನಾಗಿದ್ದು ಗಾಡಿಯು ದಾರಿತಪ್ಪಿದರೆ ದಂಡವು ಸ್ವಾಮಿಗೆ. ಇದು ತಪ್ಪಿನ ಸೂತ್ರವೇ. ಆದರೆ ಸ್ವಾಮಿಯ ತಪ್ಪು ಗಾಡಿಯ ಮೇಲಿಲ್ಲ. ತಕ್ಕವನನ್ನು ಆರಿಸದೆ ಹೋದದ್ದರಲ್ಲಿದೆ. ಕೈಯಲ್ಲಿ ಹಗ್ಗ ಹಿಡಿಯದವನೂ ಹೊಣೆಗಾರನಾಗಬಹುದೆಂಬ ಭಾವನೆಯು ಇಷ್ಟು ಹಳೆಯದು.

ಇದಕ್ಕಿಂತ ಮುಂದೆ ಹೋದ ಇನ್ನೊಂದು ವಿಧಿಯೂ ಧರ್ಮಶಾಸ್ತ್ರಗಳಲ್ಲಿದೆ. ಪ್ರಜೆಯ ಸೊತ್ತನ್ನು ಕಳ್ಳರು ಕದ್ದರೆ ರಾಜನು ಅದನ್ನು ಹಿಂದಕ್ಕೆ ಕೊಡಿಸತಕ್ಕದ್ದೆಂದು ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಗೇ. ರಾಜನು ಕದ್ದವನಲ್ಲ, ಕಳ್ಳನಿಗೆ ನೆರವಾದವನೂ ಅಲ್ಲ. ಆದರೂ ಅವನು ಏಕೆ ಕೊಡಬೇಕು? ರಕ್ಷಣೆಯ ಹೆಸರಿನಲ್ಲಿ ಅವನು ಪ್ರಜೆಗಳಿಂದ ಆರನೆಯ ಒಂದು ಪಾಲನ್ನು ತೆಗೆದುಕೊಂಡಿದ್ದಾನೆ. ಫಲವನ್ನು ಕೊಂಡವನು ಹೊರೆಯನ್ನೂ ಹೊರಬೇಕು. ಇಲ್ಲಿ ಋಣವು ಹುಟ್ಟಿದುದು ಅಪರಾಧದಿಂದಲ್ಲ, ಸಂಬಂಧದಿಂದ. ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೂ ಋಷಿಗಳಿಗೂ ಪಿತೃಗಳಿಗೂ ಋಣಿಯೆಂದು ಹೇಳುವ ಸಂಪ್ರದಾಯಕ್ಕೆ, ತಪ್ಪಿಲ್ಲದ ಋಣವೆಂಬುದು ಅಪರಿಚಿತವಾದ ಮಾತಾಗಿರಲಾರದು. ಶಿಶುವು ಯಾವ ತಪ್ಪು ಮಾಡಿತ್ತು? ಅದು ಪಡೆದಿತ್ತು, ಅಷ್ಟೆ.

ಇಂಗ್ಲೆಂಡಿನ ನ್ಯಾಯಶಾಸ್ತ್ರವು ಈ ವಿಷಯದಲ್ಲಿ ಮೊದಲು ಹಿಡಿದ ಮಾರ್ಗವು ಬೇರೆ. ವಿಚಿತ್ರವೆಂದರೆ ಅದೂ ಒಂದು ಗಾಡಿಯಿಂದಲೇ ಆರಂಭವಾಯಿತು. ಫೌಲರ್ ಎಂಬ ಮಾಂಸದ ವ್ಯಾಪಾರಿಯ ಬಳಿಯಲ್ಲಿ ಪ್ರೀಸ್ಟ್ಲಿ ಎಂಬ ಹುಡುಗನು ಆಳಾಗಿದ್ದನು. ೧೮೩೫ರಲ್ಲಿ ಮಿತಿಮೀರಿ ಸರಕು ಹೇರಿದ ಗಾಡಿಯು ಮುರಿದುಬಿದ್ದು ಹುಡುಗನ ತೊಡೆಯ ಮೂಳೆ ಮುರಿಯಿತು. ಜೂರಿಯವರು ನೂರು ಪೌಂಡುಗಳನ್ನು ಕೊಡಿಸಿದರು. ೧೮೩೭ರಲ್ಲಿ ಲಾರ್ಡ್ ಅಬಿಂಜರ್ ನ್ಯಾಯಾಧಿಪತಿಯು ಆ ತೀರ್ಪನ್ನು ತೆಗೆದುಹಾಕಿದನು. ಅವನ ವಾದವು ಗಮನಾರ್ಹವಾದದ್ದು. ಈ ಹುಡುಗನಿಗೆ ಯಜಮಾನನು ತೆರಬೇಕಾದರೆ, ಕೆಲಸದವಳು ಒದ್ದೆ ಹಾಸಿಗೆಯನ್ನು ಹಾಸಿದುದಕ್ಕಾಗಿಯೂ ಅಡುಗೆಯವನು ಪಾತ್ರೆಯನ್ನು ಸರಿಯಾಗಿ ತೊಳೆಯದುದಕ್ಕಾಗಿಯೂ ಯಜಮಾನನು ಮನೆಯ ಪ್ರತಿಯೊಬ್ಬ ಆಳಿಗೂ ತೆರಬೇಕಾದೀತು, ಇದಕ್ಕೆ ಕೊನೆಯೆಲ್ಲಿ? ಮೇಲಾಗಿ, ಗಾಡಿಯ ಸ್ಥಿತಿಯು ಹುಡುಗನಿಗೂ ತಿಳಿದೇ ಇತ್ತು. ಬೇಡವೆನಿಸಿದ್ದರೆ ಅವನು ಹತ್ತದಿರಬಹುದಾಗಿತ್ತು.

ಅಬಿಂಜರನ ಭಯವನ್ನು ಹೃದಯಹೀನತೆಯೆಂದು ಮಾತ್ರ ತಿಳಿಯುವುದು ಸರಿಯಲ್ಲ. ಹೊಣೆಗೆ ಒಂದು ಎಲ್ಲೆ ಬೇಕೆಂಬುದು ನ್ಯಾಯದ ನಿಜವಾದ ಅವಶ್ಯಕತೆ. ಆದರೆ ಅವನ ದೃಷ್ಟಾಂತಗಳೆಲ್ಲವೂ ಮನೆವಾರ್ತೆಯಿಂದ ಬಂದುವು. ಒಂದು ಮನೆಯಲ್ಲಿ ಯಜಮಾನನೂ ಆಳೂ ಒಂದೇ ಛಾವಣಿಯ ಕೆಳಗೆ, ಬಹುಮಟ್ಟಿಗೆ ಒಂದೇ ಅಪಾಯದಲ್ಲಿ ಬಾಳುವರು. ಕಾರ್ಖಾನೆಯಲ್ಲಿ ಹಾಗಲ್ಲ. ಅಲ್ಲಿ ಅಪಾಯವು ಕೆಳಗೆ, ಆದಾಯವು ಮೇಲೆ. ಮನೆಗಾಗಿ ಹೊಲಿದ ಅಂಗಿಯನ್ನು ನ್ಯಾಯಶಾಸ್ತ್ರವು ಕಾರ್ಖಾನೆಗೆ ತೊಡಿಸಿತು.

ಅಮೆರಿಕದಲ್ಲಿ ಇದೇ ವಿಚಾರಕ್ಕೆ ಇನ್ನೂ ನುಣುಪಾದ ತರ್ಕವು ದೊರೆಯಿತು. ಬಾಸ್ಟನ್ ವುಸ್ಟರ್ ರೈಲ್ವೆಯಲ್ಲಿ ಫಾರ್ವೆಲ್ ಎಂಬ ಎಂಜಿನ್ ಚಾಲಕನು ದಿನಕ್ಕೆ ಎರಡು ಡಾಲರು ಸಂಬಳ ಪಡೆಯುತ್ತಿದ್ದನು. ಹಳಿಯ ಕೀಲನ್ನು ತಿರುಗಿಸುವ ಇನ್ನೊಬ್ಬ ನೌಕರನ ಅಜಾಗರೂಕತೆಯಿಂದ ಗಾಡಿಯು ಹಳಿ ತಪ್ಪಿ, ಚಾಲಕನು ಬಲಗೈಯನ್ನು ಕಳೆದುಕೊಂಡನು. ೧೮೪೨ರಲ್ಲಿ ಮುಖ್ಯ ನ್ಯಾಯಾಧಿಪತಿ ಲೆಮ್ಯುಯಲ್ ಷಾ ಹೀಗೆ ನಿರ್ಣಯಿಸಿದನು: ಅಪಾಯದ ಕೆಲಸಕ್ಕೆ ಸಂಬಳ ಹೆಚ್ಚು, ಆ ಹೆಚ್ಚಿನ ಸಂಬಳದಲ್ಲಿಯೇ ಅಪಾಯದ ಬೆಲೆಯು ಸೇರಿಹೋಗಿದೆ, ಜತೆಯ ನೌಕರನ ಅಜಾಗರೂಕತೆಯೂ ಆ ಅಪಾಯಗಳಲ್ಲಿ ಒಂದು, ಆದುದರಿಂದ ಕಂಪೆನಿಯು ಬೇರೆಯಾಗಿ ತೆರಬೇಕಾದುದಿಲ್ಲ. ಇದಕ್ಕೆ ಸಮಾನೋದ್ಯೋಗದ ಸಿದ್ಧಾಂತವೆಂದು ಹೆಸರಾಯಿತು. ಇದರೊಡನೆ ಇನ್ನೆರಡು ಸಮರ್ಥನೆಗಳು ಸೇರಿದುವು. ಗೊತ್ತಿದ್ದೂ ಅಪಾಯಕ್ಕೆ ಒಪ್ಪಿದವನಿಗೆ ದೂರುವ ಹಕ್ಕಿಲ್ಲ ಎಂಬುದೊಂದು. ತನ್ನದೂ ಅಲ್ಪ ತಪ್ಪಿದ್ದವನಿಗೆ ಏನೂ ದೊರೆಯತಕ್ಕದ್ದಲ್ಲ ಎಂಬುದು ಇನ್ನೊಂದು. ಈ ಮೂರು ಬಾಗಿಲುಗಳನ್ನೂ ದಾಟಿ ಹೊರಬಂದ ಕೂಲಿಯವನು ವಿರಳ.

ಷಾ ಹೇಳಿದ ಮಾತಿನಲ್ಲಿ ಎರಡು ಊಹೆಗಳು ಅಡಗಿವೆ. ಕೆಲಸಗಾರನು ಅಪಾಯವನ್ನು ತೂಗಿನೋಡಿ ಬೆಲೆಕಟ್ಟಬಲ್ಲನು ಎಂಬುದು ಮೊದಲನೆಯದು. ಬೆಲೆಯು ಸಾಲದೆನಿಸಿದರೆ ಬೇಡವೆನ್ನಬಲ್ಲನು ಎಂಬುದು ಎರಡನೆಯದು. ಇವೆರಡೂ ನಿಜವಾಗಿದ್ದ ಪಕ್ಷದಲ್ಲಿ ವಾದವು ಅಭೇದ್ಯವೇ ಸರಿ. ಆದರೆ ಮನೆಯಲ್ಲಿ ಅಕ್ಕಿ ಮುಗಿದವನು “ಬೇಡ” ಎನ್ನುವುದು ಹೇಗೆ? ಒಪ್ಪಿಗೆಯೆಂಬುದಕ್ಕೆ ಒಪ್ಪದಿರುವ ಶಕ್ತಿಯೇ ಪ್ರಾಣ. ಇಂಗ್ಲೆಂಡಿನ ಪ್ರಭುಸಭೆಯೂ ೧೮೯೧ರಲ್ಲಿ, ತಲೆಯ ಮೇಲೆ ಯಂತ್ರವು ಕಲ್ಲುಗಳನ್ನು ಸಾಗಿಸುತ್ತಿದ್ದೆಡೆಯಲ್ಲಿ ಬಂಡೆ ಕೊರೆಯುತ್ತಿದ್ದ ಕೂಲಿಯವನೊಬ್ಬನ ವ್ಯಾಜ್ಯದಲ್ಲಿ, ಅಪಾಯವನ್ನು ತಿಳಿದಿರುವುದು ಬೇರೆ, ಅದಕ್ಕೆ ಒಪ್ಪುವುದು ಬೇರೆ ಎಂದು ಅಂಗೀಕರಿಸಿತು. ತಲೆಯೆತ್ತಿ ನೋಡಿದವನೆಲ್ಲ ಕಲ್ಲು ಬೀಳಲೆಂದು ಒಪ್ಪಿದವನಲ್ಲ.

ಹೊಸ ದಾರಿಯನ್ನು ಶಾಸನವಾಗಿ ಮೊದಲು ತೆರೆದುದು ಜರ್ಮನಿ. ೧೮೮೪ರ ಅಪಘಾತ ವಿಮಾ ಶಾಸನವು, ತಪ್ಪು ಯಾರದೆಂದು ಕೇಳದೆ, ಉದ್ಯಮಿಗಳೆಲ್ಲರೂ ಕೂಡಿ ಹಾಕಿದ ನಿಧಿಯಿಂದ ಗಾಯಗೊಂಡವನಿಗೆ ಜೀವನಾಧಾರವನ್ನು ಗೊತ್ತುಮಾಡಿತು. ೧೮೯೭ರಲ್ಲಿ ಇಂಗ್ಲೆಂಡು ಜೋಸೆಫ್ ಚೇಂಬರ್ಲೇನನ ಪ್ರಯತ್ನದಿಂದ ಕೆಲಸಗಾರರ ಪರಿಹಾರ ಶಾಸನವನ್ನು ಮಾಡಿತು. ಆದರೆ ಹಳೆಯ ಸೂತ್ರವು ಸುಲಭವಾಗಿ ಸೋಲಲಿಲ್ಲ. ಅದರ ಕೊನೆಯ ದೊಡ್ಡ ಜಯವೂ ದೊಡ್ಡ ಅಪಜಯವೂ ನ್ಯೂಯಾರ್ಕಿನಲ್ಲಿ ಒಂದು ದಿನದ ಅಂತರದಲ್ಲಿ ನಡೆದುವು.

ನ್ಯೂಯಾರ್ಕ್ ಸಂಸ್ಥಾನವು ೧೯೧೦ರಲ್ಲಿ ಅಪಾಯಕರ ಉದ್ಯೋಗಗಳಿಗೆ ಪರಿಹಾರದ ಶಾಸನವನ್ನು ಮಾಡಿತ್ತು. ೧೯೧೧ನೆಯ ಇಸವಿ ಮಾರ್ಚ್ ೨೪ರಂದು ಅಲ್ಲಿಯ ಉಚ್ಚ ನ್ಯಾಯಸ್ಥಾನವು ಅದನ್ನು ಅಸಿಂಧುವೆಂದು ತಳ್ಳಿಹಾಕಿತು. ತಪ್ಪಿಲ್ಲದವನಿಂದ ಹಣವನ್ನು ಕಿತ್ತು ಇನ್ನೊಬ್ಬನಿಗೆ ಕೊಡುವುದು, ಕ್ರಮವರಿತ ನ್ಯಾಯವಿಲ್ಲದೆ ಸೊತ್ತನ್ನು ಅಪಹರಿಸಿದಂತೆ ಎಂಬುದು ಅದರ ಕಾರಣ. ಮರುದಿನ, ಮಾರ್ಚ್ ೨೫ರ ಶನಿವಾರ ಸಂಜೆ, ನ್ಯೂಯಾರ್ಕ್ ನಗರದಲ್ಲಿ ಟ್ರಯಾಂಗಲ್ ಕಂಪೆನಿಯ ಉಡುಪಿನ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆಯಿದ್ದುದು ಕಟ್ಟಡದ ಎಂಟು, ಒಂಬತ್ತು, ಹತ್ತನೆಯ ಅಂತಸ್ತುಗಳಲ್ಲಿ. ಅಗ್ನಿಶಾಮಕರ ಏಣಿಗಳು ಆರನೆಯ ಅಂತಸ್ತಿನವರೆಗೆ ಮಾತ್ರ ನಿಲುಕಿದುವು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗವಿತ್ತು. ೧೪೬ ಮಂದಿ ಸತ್ತರು. ಬಹುಮಂದಿ ಪರದೇಶಗಳಿಂದ ಹೊಟ್ಟೆಪಾಡಿಗೆ ಬಂದ ಎಳೆಯ ಹೆಣ್ಣುಮಕ್ಕಳು.

ಮಾಲೀಕರಿಬ್ಬರ ಮೇಲೆ ನರಹತ್ಯೆಯ ಮೊಕದ್ದಮೆ ನಡೆಯಿತು. ಆ ಬಾಗಿಲಿಗೆ ಆ ಹೊತ್ತಿನಲ್ಲಿ ಬೀಗ ಹಾಕಿದ್ದುದು ಮಾಲೀಕರಿಗೆ ತಿಳಿದಿತ್ತೆಂಬುದು ನಿಸ್ಸಂದೇಹವಾಗಿ ಸಿದ್ಧವಾಗಬೇಕೆಂದು ಜೂರಿಯವರಿಗೆ ಹೇಳಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಇಬ್ಬರೂ ಬಿಡುಗಡೆ ಹೊಂದಿದರು. ೧೯೧೪ರಲ್ಲಿ ಸತ್ತವರ ಕೆಲವು ಕುಟುಂಬಗಳ ದಾವೆಗಳು ತಲೆಗೆ ೭೫ ಡಾಲರಿನಂತೆ ರಾಜಿಯಾದುವು. ಸುಟ್ಟುಹೋದ ಸರಕಿಗೆ ವಿಮಾ ಕಂಪೆನಿಗಳಿಂದ ಮಾಲೀಕರಿಗೆ ಬಂದ ಹಣವಾದರೋ ಇದಕ್ಕಿಂತ ಎಷ್ಟೋ ಹೆಚ್ಚಿನದು. ೧೯೧೩ರಲ್ಲಿ ಅದೇ ಮಾಲೀಕರಲ್ಲೊಬ್ಬನು ಇನ್ನೊಂದು ಕಾರ್ಖಾನೆಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿಸಿದ್ದನೆಂದು ಸಿಕ್ಕಿಬಿದ್ದು, ೨೦ ಡಾಲರು ದಂಡ ತೆತ್ತನು.

ತಪ್ಪಿನ ಸೂತ್ರವು ತನ್ನ ಸ್ವಂತ ನೆಲದಲ್ಲಿಯೇ ಸೋತದ್ದು ಹೀಗೆ. ಇಲ್ಲಿ ತಪ್ಪು ಇತ್ತು. ಬೀಗದ ರೂಪದಲ್ಲಿ ಕಣ್ಣಿಗೆ ಕಾಣುವಂತೆ ಇತ್ತು. ಆದರೂ ಅದನ್ನು ಒಬ್ಬ ಮನುಷ್ಯನ ಮನಸ್ಸಿನೊಳಗೆ, ಒಂದು ನಿಮಿಷದೊಳಗೆ ಹಿಡಿದು ತೋರಿಸಲಾಗಲಿಲ್ಲ. ತೋರಿಸಬಲ್ಲವರಾಗಿದ್ದ ಸಾಕ್ಷಿಗಳಲ್ಲಿ ಎಷ್ಟೋ ಮಂದಿ ಆ ಬಾಗಿಲಿನ ಹಿಂದೆಯೇ ಸತ್ತಿದ್ದರು. ತಪ್ಪನ್ನು ಸಿದ್ಧಪಡಿಸುವ ಭಾರವನ್ನು ನೊಂದವನ ಮೇಲೆ ಹೊರಿಸುವ ನ್ಯಾಯವು, ಹೆಚ್ಚು ನೊಂದಷ್ಟೂ ಹೆಚ್ಚು ಮೂಕನಾಗುವ ಮನುಷ್ಯನಿಂದ ಮಾತನ್ನು ಬಯಸುತ್ತದೆ. ನ್ಯೂಯಾರ್ಕಿನ ಜನರು ೧೯೧೩ರಲ್ಲಿ ತಮ್ಮ ಸಂವಿಧಾನವನ್ನೇ ತಿದ್ದಿ ಪರಿಹಾರದ ಶಾಸನಕ್ಕೆ ದಾರಿ ಮಾಡಿಕೊಟ್ಟರು. ೧೯೧೭ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಸ್ಥಾನವು ಅದನ್ನು ಎತ್ತಿಹಿಡಿಯಿತು.

ಭಾರತದಲ್ಲಿ ಈ ತತ್ತ್ವವು ೧೯೨೩ರ ಕೆಲಸಗಾರರ ಪರಿಹಾರ ಶಾಸನದ ಮೂಲಕ ಬಂದು, ೧೯೨೪ನೆಯ ಇಸವಿ ಜುಲೈ ೧ರಿಂದ ಜಾರಿಯಾಯಿತು. ಉದ್ಯೋಗದಿಂದ ಹುಟ್ಟಿದ, ಉದ್ಯೋಗದ ಅವಧಿಯಲ್ಲಿ ನಡೆದ ಅಪಘಾತವಾದರೆ ಸಾಕು. ಯಜಮಾನನ ತಪ್ಪನ್ನು ತೋರಿಸಬೇಕಾದುದಿಲ್ಲ. ಮದ್ಯಪಾನದಿಂದಾದ, ಇಲ್ಲವೆ ಬೇಕೆಂದು ರಕ್ಷಣಾನಿಯಮವನ್ನು ಮೀರಿದುದರಿಂದಾದ ಗಾಯಕ್ಕೆ ಪರಿಹಾರವಿಲ್ಲವೆಂದು ಅದರಲ್ಲಿ ಒಂದು ವಿನಾಯಿತಿಯಿತ್ತು. ಮುಂದೆ ತಿದ್ದುಪಡಿಯಾದಾಗ, ಸಾವು ಸಂಭವಿಸಿದ್ದರೆ ಆ ವಿನಾಯಿತಿಯೂ ಸಲ್ಲದೆಂದು ಗೊತ್ತಾಯಿತು. ಸತ್ತವನು ಅವಿಧೇಯನಾಗಿರಬಹುದು, ಅವನ ಹೆಂಡತಿಯೂ ಮಕ್ಕಳೂ ಯಾವ ನಿಯಮವನ್ನೂ ಮೀರಿದವರಲ್ಲ. ತಪ್ಪಿನ ಲೆಕ್ಕವು ಮುಗಿದಲ್ಲಿ ಹಸಿವಿನ ಲೆಕ್ಕವು ಮುಗಿಯುವುದಿಲ್ಲವೆಂಬ ವಿವೇಕವು ಇದರಲ್ಲಿದೆ. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ತತ್ತ್ವವೇ ಸೇರಿಕೊಂಡಿದೆ.

ಆದರೆ ತಪ್ಪನ್ನು ಕೇಳದ ಶಾಸನವು ಬೆಲೆಯನ್ನು ಕೇಳಲೇಬೇಕಾಯಿತು. ಮೂಲ ಶಾಸನದಲ್ಲಿ ಪ್ರಾಪ್ತವಯಸ್ಕನ ಸಾವಿಗೆ ಮೂವತ್ತು ತಿಂಗಳ ಸಂಬಳ ಅಥವಾ ೨,೫೦೦ ರೂಪಾಯಿ, ಯಾವುದು ಕಡಮೆಯೋ ಅದು. ಅಪ್ರಾಪ್ತವಯಸ್ಕನ ಸಾವಿಗೆ ೨೦೦ ರೂಪಾಯಿ. ಕೆಲಸಕ್ಕೆ ಬಂದ ಬಾಲಕನು ಸತ್ತರೆ ಅವನನ್ನು ನಂಬಿಕೊಂಡವರು ಕಡಮೆಯೆಂಬ ಎಣಿಕೆಯಿಂದ ಈ ಮೊತ್ತವು ಬಂದಿರಬೇಕು. ಎಣಿಕೆಯು ತಪ್ಪಲ್ಲದಿರಬಹುದು, ಆದರೆ ಮಗನನ್ನು ಕಳೆದುಕೊಂಡ ತಾಯಿಯು ಅದನ್ನು ಓದಿದರೆ ಅವಳಿಗೆ ಕಾಣುವುದು ಎಣಿಕೆಯಲ್ಲ, ಬೆಲೆ. ಅಂಗಗಳಿಗೂ ಪಟ್ಟಿಯುಂಟು: ಹೆಬ್ಬೆರಳು ಪೂರ್ತಿ ಹೋದರೆ ಸಂಪಾದನಾಶಕ್ತಿಯಲ್ಲಿ ನೂರಕ್ಕೆ ೩೦ರಷ್ಟು ನಷ್ಟ, ತೋರುಬೆರಳು ಪೂರ್ತಿ ಹೋದರೆ ನೂರಕ್ಕೆ ೧೪. ಪಟ್ಟಿಯಿಲ್ಲದಿದ್ದರೆ ಪ್ರತಿಯೊಂದು ಬೆರಳಿಗೂ ಒಂದೊಂದು ವ್ಯಾಜ್ಯವಾಗಿ, ಬಡವನು ವಕೀಲರ ಮನೆಯ ಹಾದಿಯಲ್ಲಿಯೇ ಸವೆದುಹೋಗುವನು. ಪಟ್ಟಿಯಿದ್ದರೆ ವೀಣೆಯವನ ಬೆರಳೂ ಕಾವಲುಗಾರನ ಬೆರಳೂ ಒಂದೇ ಆಗುವುವು. ನಿಶ್ಚಯತೆಯನ್ನು ಕೊಂಡವನು ಸೂಕ್ಷ್ಮತೆಯನ್ನು ಮಾರಬೇಕಾಗುತ್ತದೆ.

ಇಲ್ಲಿ ನ್ಯಾಯಾಧಿಪತಿಯ ವಿವೇಚನೆಗೆ ಕೆಲಸವಿದೆ. ಮೊಣಕೈಯ ಮೇಲಕ್ಕೆ ಎಡಗೈಯನ್ನು ಕಳೆದುಕೊಂಡ ಬಡಗಿಯೊಬ್ಬನ ವ್ಯಾಜ್ಯವು ಭಾರತದ ಸುಪ್ರೀಂ ಕೋರ್ಟಿನ ವರೆಗೆ ಹೋಗಿ, ೧೯೭೫ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಒಂದು ಕೈ ಹೋದರೆ ಪಟ್ಟಿಯಂತೆ ಅದು ಭಾಗಶಃ ನಷ್ಟವೆಂದು ಯಜಮಾನನು ವಾದಿಸಿದನು. ಒಂದೇ ಕೈಯಿಂದ ಬಡಗಿಯ ಕೆಲಸ ನಡೆಯದು, ಆದುದರಿಂದ ಇವನ ನಷ್ಟವು ಪೂರ್ಣವಾದದ್ದು ಎಂದು ನ್ಯಾಯಸ್ಥಾನವು ಹೇಳಿತು. ಪರಿಹಾರವು ಸಲ್ಲತಕ್ಕದ್ದು ಅಪಘಾತವಾದ ದಿನದಿಂದಲೇ ಎಂದೂ ಹೇಳಿತು. ಪಟ್ಟಿಯು ಕೈಯನ್ನು ಕಂಡಿತ್ತು. ನ್ಯಾಯಸ್ಥಾನವು ಬಡಗಿಯನ್ನು ಕಂಡಿತು.

ಅಪಘಾತವೆಂಬ ಮಾತಿನಲ್ಲಿಯೂ ಒಂದು ತೊಡಕಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ, ೨೦೦೧ರಲ್ಲಿ ಅವು ಮುಚ್ಚುವವರೆಗೆ, ನೂರಕ್ಕಿಂತ ಹೆಚ್ಚು ವರ್ಷಗಳ ಕಾಲ ಕನ್ನಡ ನಾಡಿನ ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಮಿಕ್ಕ ಆಳದ ವರೆಗೆ ಮನುಷ್ಯರು ಇಳಿದರು. ಒತ್ತಡದಿಂದ ಬಂಡೆಯು ಸಿಡಿದು ಕೆಲವರು ಸತ್ತರೆ, ಅದು ಎಲ್ಲರ ಕಣ್ಣಿಗೂ ಕಾಣುವ ಅಪಘಾತ. ಅದಕ್ಕೆ ದಿನವುಂಟು, ಗಳಿಗೆಯುಂಟು. ಆದರೆ ಬಂಡೆಯ ಧೂಳು ಉಸಿರಿನೊಡನೆ ಒಳಹೊಕ್ಕು, ಶ್ವಾಸಕೋಶವನ್ನು ಕಲ್ಲುಮಾಡುತ್ತ, ಹತ್ತಿಪ್ಪತ್ತು ವರ್ಷಗಳಲ್ಲಿ ಮನುಷ್ಯನನ್ನು ಕೊಂದರೆ ಅದಕ್ಕೆ ಗಳಿಗೆಯೆಲ್ಲಿ? ಗಣಿಯವನು ಸಾಯುವುದು ಗಣಿಯಲ್ಲಲ್ಲ, ತನ್ನ ಊರಿನ ಜಗುಲಿಯ ಮೇಲೆ. ಉದ್ಯೋಗಜನ್ಯ ವ್ಯಾಧಿಗಳನ್ನು ಶಾಸನವು ಒಂದು ಪಟ್ಟಿಯಲ್ಲಿ ಸೇರಿಸಿ, ಅವನ್ನು ಅಪಘಾತಗಳೆಂದೇ ಭಾವಿಸತಕ್ಕದ್ದೆಂದು ವಿಧಿಸಿದುದು ಈ ಕಾರಣದಿಂದ. ನಿಧಾನವಾಗಿ ಬಂದಿತೆಂದು ಹಾನಿಯು ಸಣ್ಣದಾಗುವುದಿಲ್ಲ. ನಿಧಾನವಾದಷ್ಟೂ ಅದರ ಕರ್ತೃವು ಮರೆಯಾಗುವನು.

ಇಷ್ಟಾದರೂ ಪೂರ್ವಪಕ್ಷದ ಒಂದು ಮಾತಿಗೆ ಸಮಾಧಾನ ಹೇಳಬೇಕಾಗಿದೆ. ಮಲೆನಾಡಿನಲ್ಲಿ ಒಂದು ಎಕರೆ ತೋಟವುಳ್ಳ ಸಣ್ಣ ಬೆಳೆಗಾರನಿದ್ದಾನೆಂದು ಭಾವಿಸೋಣ. ಕೊನೆ ತೆಗೆಯುವವನು ಅಡಿಕೆಯ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡನು. ಮರಕ್ಕೆ ಮಳೆಯಿಂದ ಪಾಚಿ ಹಿಡಿದಿತ್ತು. ಯಾರ ತಪ್ಪೂ ಇಲ್ಲ. ಯಜಮಾನನು ತೆರಬೇಕೆಂದರೆ ತೋಟವನ್ನೇ ಮಾರಬೇಕು. ತೆರದಿದ್ದರೆ ಬಿದ್ದವನ ಸಂಸಾರವು ಬೀದಿಗೆ ಬೀಳಬೇಕು. ಒಂದು ಕುಟುಂಬದ ನಾಶವನ್ನು ತಪ್ಪಿಸಲು ಇನ್ನೊಂದನ್ನು ನಾಶಮಾಡುವುದು ಯಾವ ನ್ಯಾಯ? ಫಲವನ್ನು ಪಡೆದವನು ಹೊರೆಯನ್ನು ಹೊರಲಿ ಎಂಬ ಸೂತ್ರವು ಇಲ್ಲಿ ನಿರ್ದಯವಾಗಿ ಕಾಣುತ್ತದೆ.

ಆದರೆ ಫಲವನ್ನು ಪಡೆದವರು ಯಾರೆಂಬುದನ್ನು ಇನ್ನೂ ಸ್ವಲ್ಪ ದೂರ ಹುಡುಕಿದರೆ ಸೂತ್ರವು ನಿರ್ದಯವಲ್ಲ. ಆ ಅಡಿಕೆಯು ಪೇಟೆಗೆ ಹೋಗುತ್ತದೆ. ಮದುವೆಯ ಮನೆಯ ತಾಂಬೂಲವಾಗುತ್ತದೆ. ಜಗಿದವರೆಲ್ಲರೂ ಆ ಮರವನ್ನು ಇನ್ನೊಬ್ಬನ ಕಾಲಿನಿಂದ ಹತ್ತಿದವರೇ. ಬೆಳೆಗಾರನು ಆ ಸಾಲಿನಲ್ಲಿ ಮೊದಲನೆಯವನು, ಒಬ್ಬನೇ ಅಲ್ಲ. ಆದುದರಿಂದ ಋಣವು ಅವನಲ್ಲಿ ಆರಂಭವಾದರೂ ಅವನಲ್ಲಿಯೇ ನಿಲ್ಲತಕ್ಕದ್ದಲ್ಲ. ವಿಮೆಯ ಮೂಲಕವೋ ಸಾಮಾನ್ಯ ನಿಧಿಯ ಮೂಲಕವೋ ಪದಾರ್ಥದ ಬೆಲೆಯಲ್ಲಿ ಹರಡಿಹೋಗಬೇಕು. ಒಬ್ಬನ ತಲೆಯ ಮೇಲೆ ಬಂಡೆಯಂತೆ ಬೀಳುವುದು ಲಕ್ಷ ಜನರ ಮೇಲೆ ಮರಳಿನಂತೆ ಉದುರಿದರೆ ಯಾರೂ ಸಾಯುವುದಿಲ್ಲ. ಜರ್ಮನಿಯ ೧೮೮೪ರ ಶಾಸನದ ತಿರುಳೂ, ಭಾರತದ ೧೯೪೮ರ ನೌಕರರ ರಾಜ್ಯ ವಿಮಾ ಶಾಸನದ ತಿರುಳೂ ಇದೇ. ಹಾಗಾದರೆ ಇದು ಎಮ್ಮೆಗೆ ಹಾಕಿದ ಬರೆಯಲ್ಲ. ಬರೆಯು ದಂಡ, ಇದು ದಂಡವಲ್ಲ, ಪಾಲು.

ಇಲ್ಲಿಯೇ ಇನ್ನೊಂದು ಅಪಾಯವು ಹೊಂಚುಹಾಕುತ್ತಿದೆ. ತಪ್ಪಿಲ್ಲದೆಯೂ ತೆರಬೇಕೆಂಬುದು ರೂಢಿಯಾದರೆ, ತಪ್ಪುಮಾಡಿದವನೂ ತೆತ್ತು ಕೈತೊಳೆದುಕೊಳ್ಳಬಹುದು. ರಕ್ಷಣೆಯ ಕಟಕಟೆಗೆ ಎಷ್ಟು ವೆಚ್ಚ, ಕೈಯೊಂದಕ್ಕೆ ಎಷ್ಟು ಪರಿಹಾರ ಎಂದು ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ಬರೆದು, ಕಡಮೆಯಾದುದನ್ನು ಆರಿಸಿಕೊಳ್ಳುವ ಲೆಕ್ಕಿಗನು ಹುಟ್ಟಿಕೊಳ್ಳಬಹುದು. ಆಗ ಪರಿಹಾರದ್ರವ್ಯವು ಋಣಸಂದಾಯವಾಗದೆ ಪರವಾನಗಿಯಾಗುತ್ತದೆ.

ಭೋಪಾಲದ ಕಥೆಯಲ್ಲಿ ಈ ಎರಡು ತೊಡಕುಗಳೂ ಒಟ್ಟಿಗೆ ಕಾಣುತ್ತವೆ. ೧೯೮೪ರ ಡಿಸೆಂಬರ್ ೨ ಮತ್ತು ೩ರ ನಡುವಣ ರಾತ್ರಿ, ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಹೊರಟ ವಿಷಾನಿಲವು ಮಲಗಿದ್ದ ನಗರದಲ್ಲಿ ಸಾವಿರಾರು ಜನರನ್ನು ಕೊಂದಿತು, ಲಕ್ಷಾಂತರ ಜನರನ್ನು ರೋಗಿಗಳನ್ನಾಗಿ ಮಾಡಿತು. ಕಂಪೆನಿಯು ಇದನ್ನು ಅತೃಪ್ತನಾದ ಕೆಲಸಗಾರನೊಬ್ಬನು ಬೇಕೆಂದು ಮಾಡಿದ ಕೃತ್ಯವೆಂದು ವಾದಿಸಿತು. ತಪ್ಪು ಯಾರದೆಂಬ ಪ್ರಶ್ನೆಯೊಂದನ್ನೇ ಹಿಡಿದು ಹೊರಟರೆ ಕೈಯು ಕಟ್ಟಕಡೆಗೆ ಬೊಟ್ಟುಮಾಡುವುದು ಎಲ್ಲರಿಗಿಂತ ಕೆಳಗೆ ನಿಂತವನನ್ನು. ಒಬ್ಬ ಮನುಷ್ಯನ ಕೈಯಿಂದ ಒಂದು ನಗರವು ಸಾಯಬಹುದಾದಂತೆ ವಿಷವನ್ನು ಕೂಡಿಟ್ಟವರು ಯಾರು ಎಂಬ ಪ್ರಶ್ನೆಯು ಆಗ ಹಿಂದೆ ಉಳಿಯುತ್ತದೆ.

ಮರುವರ್ಷ, ೧೯೮೫ರ ಡಿಸೆಂಬರಿನಲ್ಲಿ, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲವು ಸೋರಿತು. ಆ ವ್ಯಾಜ್ಯದಲ್ಲಿ ೧೯೮೬ನೆಯ ಡಿಸೆಂಬರ್ ೨೦ರಂದು ಮುಖ್ಯ ನ್ಯಾಯಾಧಿಪತಿ ಭಗವತಿಯವರು, ಅಪಾಯಕರವಾದ ಉದ್ಯಮವನ್ನು ನಡೆಸುವವನ ಹೊಣೆಯು ನಿರಪವಾದವಾದದ್ದೆಂದು ಸಾರಿದರು. ಇಂಗ್ಲೆಂಡಿನಲ್ಲಿ ೧೮೬೮ರಲ್ಲಿ, ಜಲಾಶಯವೊಂದು ಒಡೆದು ನೆರೆಯವನ ಗಣಿಗೆ ನೀರು ನುಗ್ಗಿದ ವ್ಯಾಜ್ಯದಿಂದ ಇಂಥದೇ ಒಂದು ನಿಯಮವು ಬಂದಿತ್ತು. ಅದಕ್ಕೆ ದೈವಘಟನೆ, ಪರಪುರುಷನ ಕೃತ್ಯ ಮುಂತಾದ ವಿನಾಯಿತಿಗಳಿದ್ದುವು. ಆ ವಿನಾಯಿತಿಗಳಾವುವೂ ಇಲ್ಲಿ ಸಲ್ಲವೆಂದೂ, ಉದ್ಯಮವು ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕೆಂದೂ ತೀರ್ಪಾಯಿತು. ತತ್ತ್ವವು ಹೀಗೆ ಪೂರ್ಣವಾಗಿ ಬೆಳೆದು ನಿಂತಿತು. ಆದರೆ ಯಾವ ನಗರದ ನೆನಪಿನಿಂದ ಅದಕ್ಕೆ ಬಲ ಬಂದಿತ್ತೋ ಆ ನಗರಕ್ಕೆ ಅದು ದಕ್ಕಲಿಲ್ಲ. ಭೋಪಾಲದ ವ್ಯಾಜ್ಯವು ೧೯೮೯ರ ಫೆಬ್ರವರಿಯಲ್ಲಿ ೪೭ ಕೋಟಿ ಡಾಲರುಗಳಿಗೆ ರಾಜಿಯಾಯಿತು. ಆ ರಾಜಿಯಲ್ಲಿ ಕ್ರಿಮಿನಲ್ ಮೊಕದ್ದಮೆಗಳನ್ನು ಕೈಬಿಡುವುದೂ ಸೇರಿತ್ತು. ೧೯೯೧ರಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ಹಿಂತೆಗೆದುಕೊಂಡು ಮೊಕದ್ದಮೆಗಳಿಗೆ ಮತ್ತೆ ಜೀವ ಕೊಟ್ಟಿತು. ೨೦೧೦ರಲ್ಲಿ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಸಜೆಯಾಯಿತು. ಹೆಚ್ಚಿನ ಪರಿಹಾರಕ್ಕಾಗಿ ಸರ್ಕಾರವು ಸಲ್ಲಿಸಿದ ಕೊನೆಯ ಅರ್ಜಿಯು ೨೦೨೩ರ ಮಾರ್ಚಿನಲ್ಲಿ ವಜಾ ಆಯಿತು.

೧೯೮೯ರ ಆ ರಾಜಿಯಲ್ಲಿದ್ದ ದೋಷವು ಹಣವು ಕಡಮೆಯಾದುದೊಂದೇ ಅಲ್ಲ. ಎರಡು ಬೇರೆ ಬೇರೆ ಋಣಗಳನ್ನು ಒಂದೇ ಚೀಟಿಯಲ್ಲಿ ತೀರಿಸಹೊರಟದ್ದು ಅದಕ್ಕಿಂತ ಆಳವಾದ ದೋಷ. ಹೊರೆಯ ಋಣವೊಂದು, ತಪ್ಪಿನ ಋಣವೊಂದು. ಹೊರೆಯ ಋಣಕ್ಕೆ ಹಣವು ಸಲ್ಲುತ್ತದೆ. ಅದು ಬೇಗ ಸಲ್ಲಬೇಕು, ಯಾರ ಮನಸ್ಸನ್ನೂ ಬಗೆದು ನೋಡದೆ ಸಲ್ಲಬೇಕು. ಏಕೆಂದರೆ ಹಸಿವು ತೀರ್ಪಿಗಾಗಿ ಕಾಯುವುದಿಲ್ಲ. ತಪ್ಪಿನ ಋಣಕ್ಕೆ ಹಣವು ಸಲ್ಲುವುದಿಲ್ಲ. ಅದಕ್ಕೆ ಸಲ್ಲತಕ್ಕದ್ದು ಸತ್ಯ: ಬಾಗಿಲಿಗೆ ಬೀಗ ಹಾಕಿದವರು ಯಾರು, ಏಕೆ ಹಾಕಿದರು, ಮತ್ತೆ ಹಾಕದಂತೆ ಏನು ಮಾಡಬೇಕು ಎಂಬುದರ ಬಹಿರಂಗವಾದ ವಿಚಾರಣೆ ಮತ್ತು ಅದಕ್ಕೆ ತಕ್ಕ ಶಿಕ್ಷೆ. ಹಳೆಯ ಕಾಲದ ನ್ಯಾಯಾಧಿಪತಿಗಳು ತಪ್ಪನ್ನು ಹುಡುಕುತ್ತ ಹೊರೆಯನ್ನು ನೊಂದವನ ಮೇಲೆಯೇ ಬಿಟ್ಟರು. ಹೊಸ ಕಾಲದವರು ಹೊರೆಯನ್ನು ಹಂಚುತ್ತ ತಪ್ಪನ್ನು ಮರೆಯಬಹುದು. ಮೊದಲನೆಯದು ಬಡವನಿಗೆ ಮಾಡಿದ ಅನ್ಯಾಯ. ಎರಡನೆಯದು ಬದುಕಿರುವ ಕೆಲಸಗಾರರೆಲ್ಲರಿಗೂ ಮುಂದೆ ಮಾಡಲಿರುವ ಅನ್ಯಾಯ.

ಆದುದರಿಂದ ತಪ್ಪಿಲ್ಲದೆಡೆಯಲ್ಲಿಯೂ ಋಣವುಂಟು. ಇನ್ನೊಬ್ಬನ ಶ್ರಮದಿಂದ ಬಟ್ಟೆಯುಟ್ಟು, ಇನ್ನೊಬ್ಬನು ಅಗೆದು ತಂದ ಲೋಹದಿಂದ ಮಾಂಗಲ್ಯವನ್ನು ಮಾಡಿಸಿಕೊಳ್ಳುವ ಸಮಾಜದಲ್ಲಿ ಆ ಋಣದಿಂದ ಹೊರಗಿರುವವರು ಯಾರೂ ಇಲ್ಲ. ಆದರೆ ತಪ್ಪಿಲ್ಲದೆಯೂ ಋಣವುಂಟೆಂಬ ಮಾತು, ತಪ್ಪೇ ಇಲ್ಲವೆಂಬ ಮಾತಾಗಬಾರದು. ಮಗುವು ಬಿದ್ದಾಗ ತಾಯಿಯು ನೆಲವನ್ನು ಹೊಡೆಯುವುದು ಕಣ್ಣೊರೆಸುವುದಕ್ಕಾಗಿ ಮಾತ್ರ. ವಿವೇಕಿಯಾದ ತಾಯಿಯು ಮೊದಲು ಮಗುವನ್ನು ಎತ್ತಿಕೊಳ್ಳುವಳು, ಗಾಯಕ್ಕೆ ಮದ್ದು ಹಾಕುವಳು. ಅನಂತರ ಹಿಂದಿರುಗಿ ಬಂದು, ಅದು ಎಡವಿದ ಕಲ್ಲು ಯಾವುದೆಂದು ನೋಡಿ ಅದನ್ನು ಕಿತ್ತುಹಾಕುವಳು. ನ್ಯಾಯಸ್ಥಾನಕ್ಕೂ ಈ ಎರಡು ಕೆಲಸಗಳುಂಟು, ಈ ಕ್ರಮದಲ್ಲಿಯೇ ಉಂಟು.